ಸುಂಟಿಕೊಪ್ಪದಿಂದ ಬೆಂಗಳೂರಿಗೆ ಹನಿಮೂನ್: ಯಾವ ದಿನ, ಯಾವ ರೂಮು, ಯಾವ ಊಟ

ಪ್ರಶ್ನೆ: ನಮ್ಮದು ಸುಂಟಿಕೊಪ್ಪದ ಹತ್ತಿರ ಕಾಫಿ ತೋಟ. ಮೇ ಮೊದಲ ವಾರ ನನ್ನ ಮದುವೆ. ಊರೆಲ್ಲ ಹನಿಮೂನಿಗೆ ಕೊಡಗಿಗೆ ಬರುತ್ತದೆ, ನಾವು ಹುಟ್ಟಿದಾಗಿನಿಂದ ಈ ಮಂಜು-ಮಳೆ ನೋಡಿಕೊಂಡೇ ಬೆಳೆದವರು. ಹಾಗಾಗಿ ಬೆಂಗಳೂರಿನ ಒಳ್ಳೆಯ ಪಂಚತಾರಾ ಹೋಟೆಲಿನಲ್ಲಿ ಮೂರು ರಾತ್ರಿ ಇದ್ದು, ನಾಲ್ಕು ಕಡೆ ಚೆನ್ನಾಗಿ ಊಟ ಮಾಡಿ ಬರೋಣ ಅಂತ ಇಬ್ಬರಿಗೂ ಆಸೆ. ಸ್ವಂತ ಕಾರಿದೆ. ಎಲ್ಲ ಸೇರಿ 80 ಸಾವಿರ ಇಟ್ಟುಕೊಂಡಿದ್ದೇವೆ. ನಾನು ಮಾಂಸ ತಿನ್ನುತ್ತೇನೆ, ಹುಡುಗಿ ಪಕ್ಕಾ ಸಸ್ಯಾಹಾರಿ. ಅಂಥ ಹೋಟೆಲಿನಲ್ಲಿ ಇಬ್ಬರೂ ಈವರೆಗೆ ಉಳಿದಿಲ್ಲ. ಹೇಗೆ ಆರಿಸಬೇಕು?

ಉತ್ತರ:

ಮೊದಲು ಶುಭಾಶಯ. ನಿಮ್ಮ ಯೋಚನೆ ಸರಿಯಾಗಿದೆ. ತೋಟದಲ್ಲಿ ಬೆಳೆದವರಿಗೆ ಇನ್ನೊಂದು ತೋಟದ ನಡುವಿನ ಕಾಟೇಜು ಏನು ಹೊಸತು ಕೊಟ್ಟೀತು?

ಹೋಟೆಲಿನ ಹೆಸರಿಗಿಂತ ಮೊದಲು ದಿನ ಗೊತ್ತುಮಾಡಿ. ನಿಮ್ಮೂರಿನ ಹೋಮ್‌ಸ್ಟೇಗಳು ತುಂಬುವುದು ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ. ಬೆಂಗಳೂರಿನ ದೊಡ್ಡ ಹೋಟೆಲುಗಳ ಲೆಕ್ಕ ಇದಕ್ಕೆ ತಿರುಗುಮುರುಗು. ಅವು ನಡೆಯುವುದೇ ಕಂಪನಿ ಕೆಲಸಕ್ಕೆ ಬರುವವರಿಂದ. ಸೋಮವಾರದಿಂದ ಗುರುವಾರದವರೆಗೆ ಕಿಕ್ಕಿರಿದಿರುತ್ತವೆ, ಶುಕ್ರವಾರ ಆ ಜನ ಖಾಲಿ ಮಾಡಿದ ಮೇಲೆ ದರ ಇಳಿಯುತ್ತದೆ. ಯಾವುದೇ ಹೋಟೆಲಿನ ವೆಬ್‌ಸೈಟಿನಲ್ಲಿ ಮಂಗಳವಾರದ ದರವನ್ನೂ ಶನಿವಾರದ ದರವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇದು ಕಾಣುತ್ತದೆ. ಬೆಂಗಳೂರಿನವರು ರಾಜಾಸೀಟಿನಲ್ಲಿ ನೂಕಾಡುವ ಹೊತ್ತಿಗೆ ನೀವು ಅವರ ಊರಿನಲ್ಲಿರಬೇಕು. ರಸ್ತೆಯೂ ನಿಮ್ಮ ಕಡೆಗೇ ಇರುತ್ತದೆ: ಶುಕ್ರವಾರ ವಾಹನಗಳ ಸಾಲು ಕೊಡಗಿನ ಕಡೆ, ಭಾನುವಾರ ಸಂಜೆ ಬೆಂಗಳೂರಿನ ಕಡೆ. ಎರಡೂ ಸಲ ನೀವು ಎದುರು ದಿಕ್ಕಿನಲ್ಲಿರುತ್ತೀರಿ.

ಇದಕ್ಕೆ ಅಪವಾದಗಳೂ ಇವೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯವಿದ್ದರೆ ಎಂ.ಜಿ. ರಸ್ತೆ, ಕಬ್ಬನ್ ಪಾರ್ಕ್ ಸುತ್ತಲಿನ ಹೋಟೆಲುಗಳ ದರ ಏರಬಹುದು, ಕಾರಂತೂ ಅಲ್ಲಾಡುವುದಿಲ್ಲ. ಮೇ ತಿಂಗಳು ಮದುವೆಗಳ ಕಾಲ. ಹೋಟೆಲಿನ ಹುಲ್ಲುಹಾಸಿನ ಮೇಲೆ ಬೇರೆ ಯಾರದೋ ಸಂಗೀತ್ ನಡೆಯುತ್ತಿದ್ದರೆ ನಿಮ್ಮ ರೂಮಿನ ಗಾಜು ನಡುಗುತ್ತದೆ. ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬ ನಿಯಮವಿದೆ, ಆದರೆ ಸಂಜೆ 6ರಿಂದ 10ರವರೆಗೆ ನೀವೂ ಮಲಗಿರುವುದಿಲ್ಲವಲ್ಲ. ಬುಕ್ ಮಾಡುವ ಮೊದಲು ಫೋನಿನಲ್ಲಿ ನೇರವಾಗಿ ಕೇಳಿ: "ಆ ಎರಡು ದಿನ ಲಾನ್‌ನಲ್ಲಿ ಮದುವೆ ಬುಕಿಂಗ್ ಇದೆಯಾ?" ಇದ್ದರೆ ಆ ಬದಿಯ ರೂಮು ಬೇಡ ಅನ್ನಿ.

ಮೂರು ರಾತ್ರಿಯನ್ನೂ ಬೆಂಗಳೂರಿನಲ್ಲೇ ಕಳೆಯಬೇಡಿ. ಶುಕ್ರ-ಶನಿ ಬೆಂಗಳೂರು, ಭಾನುವಾರ ರಾತ್ರಿ ಮೈಸೂರು ಮಾಡಿ. ಇದಕ್ಕೆ ಒಂದು ಕಾರಣ ದುಡ್ಡು. ಒಂದು ರಾತ್ರಿಗೆ 7,500 ರೂಪಾಯಿ ಮೀರಿದ ರೂಮಿಗೆ ಶೇ. 18 ಜಿಎಸ್‌ಟಿ ಬೀಳುತ್ತದೆ, 7,500 ಅಥವಾ ಅದಕ್ಕಿಂತ ಕಡಿಮೆಯಿದ್ದರೆ 2025ರ ಸೆಪ್ಟೆಂಬರ್ 22ರಿಂದ ಶೇ. 5 ಮಾತ್ರ. ಬೆಂಗಳೂರಿನಲ್ಲಿ ರೂಮಿಗೆ 16,000 ಅಂತ ಇಟ್ಟುಕೊಳ್ಳಿ: ತೆರಿಗೆ 2,880 ಸೇರಿ 18,880. ಮೂರು ರಾತ್ರಿಗೆ 56,640 ಹೋದರೆ ಉಳಿಯುವುದು 23,360. ಊಟ, ಪೆಟ್ರೋಲು, ಟೋಲು, ಟ್ಯಾಕ್ಸಿ ಎಲ್ಲ ಅದರಲ್ಲೇ ಆಗಬೇಕು. ಎರಡೇ ರಾತ್ರಿಯಾದರೆ 37,760, ಮೈಸೂರಿನಲ್ಲಿ 6,500ರ ರೂಮಿಗೆ ತೆರಿಗೆ ಸೇರಿ 6,825, ಒಟ್ಟು 44,585. ಕೈಯಲ್ಲಿ 35,415 ಉಳಿಯುತ್ತದೆ. ಪೆಟ್ರೋಲು-ಟೋಲಿಗೆ 5,000, ಎರಡು ದೊಡ್ಡ ಡಿನ್ನರಿಗೆ 12,000, ಉಳಿದ ತಿಂಡಿ-ಊಟ-ಟ್ಯಾಕ್ಸಿಗೆ 8,000 ತೆಗೆದಿಟ್ಟರೂ ಹತ್ತು ಸಾವಿರ ಮಿಗುತ್ತದೆ. ಬಿಲ್ಲು ನೋಡಿ ಎದೆ ಹೊಡೆದುಕೊಳ್ಳದೆ ಇರಲು ಆ ಹತ್ತು ಸಾವಿರ ಬೇಕೇ ಬೇಕು.

ಮೈಸೂರಿನ ರೂಮು ಹುಡುಕುವಾಗ 7,500ರ ಗೆರೆಯನ್ನು ಮರೆಯಬೇಡಿ. 7,500ರ ರೂಮು ತೆರಿಗೆ ಸೇರಿ 7,875 ಆಗುತ್ತದೆ, 7,600ರದ್ದು 8,968. ನೂರು ರೂಪಾಯಿ ಹೆಚ್ಚಿನ ರೂಮಿಗೆ ಸಾವಿರಕ್ಕೂ ಮೇಲೆ ಹೆಚ್ಚು ಕೊಟ್ಟಂತಾಯಿತು.

ಈಗ ಯಾವ ಹೋಟೆಲು. ವೈಟ್‌ಫೀಲ್ಡಿನಲ್ಲೂ ವಿಮಾನ ನಿಲ್ದಾಣದ ಕಡೆಯೂ ಅದೇ ಬ್ರಾಂಡಿನ ಹೋಟೆಲು ಕಡಿಮೆಗೆ ಸಿಗುವುದುಂಟು. ಬೇಡ. ಒಂದು ಊಟಕ್ಕೆ ಹೋಗಿಬರಲು ಎರಡು-ಮೂರು ಗಂಟೆ ಕಾರಿನಲ್ಲೇ ಕಳೆಯುತ್ತದೆ. ರೇಸ್‌ಕೋರ್ಸ್ ರಸ್ತೆ, ಕಬ್ಬನ್ ಪಾರ್ಕ್, ಎಂ.ಜಿ. ರಸ್ತೆ, ರೆಸಿಡೆನ್ಸಿ ರಸ್ತೆ, ಈ ಸುತ್ತಳತೆಯೊಳಗೇ ಇರಿ. ತಾಜ್ ವೆಸ್ಟ್ ಎಂಡ್ 1887ರಲ್ಲಿ ಹತ್ತು ರೂಮಿನ ವಸತಿಗೃಹವಾಗಿ ಶುರುವಾದದ್ದು, ಇವತ್ತಿಗೂ ಊರಿನ ನಡುವೆ ಇಪ್ಪತ್ತು ಎಕರೆಯ ಹಸಿರಿನಲ್ಲಿ ಹರಡಿಕೊಂಡಿದೆ. ಎಂ.ಜಿ. ರಸ್ತೆಯ ಒಬೆರಾಯ್‌ನಲ್ಲಿ ನೂರು ವರ್ಷಕ್ಕೂ ಹಳೆಯ ದೊಡ್ಡ ಮಳೆಮರವೊಂದರ ಸುತ್ತ ತೋಟವಿದೆ. ವಿಟ್ಠಲ್ ಮಲ್ಯ ರಸ್ತೆಯ ಜೆಡಬ್ಲ್ಯು ಮ್ಯಾರಿಯೆಟ್‌ನ ಮೇಲಿನ ಮಹಡಿಗಳಿಂದ ಕಬ್ಬನ್ ಪಾರ್ಕಿನ ಮರಗಳ ತಲೆ ಕಾಣುತ್ತದೆ. ಬೇರೆ ಊರಿನವರು ಕೇಳಿದ್ದರೆ ವೆಸ್ಟ್ ಎಂಡ್ ಅನ್ನುತ್ತಿದ್ದೆ. ನಿಮಗೆ ನನ್ನ ಸಲಹೆ ಎತ್ತರದ ಹೋಟೆಲು, ಸಾಧ್ಯವಾದಷ್ಟು ಮೇಲಿನ ಮಹಡಿ. ಮರದ ಕೆಳಗೆ ನಿಂತು ಮೇಲೆ ನೋಡುವುದು ನಿಮಗೆ ದಿನನಿತ್ಯದ್ದು. ಕತ್ತಲಾದ ಮೇಲೆ ಕಿಟಕಿಯ ಪರದೆ ಸರಿಸಿ, ಕೆಳಗೆ ಮರಗಳ ಕಪ್ಪು, ಅದರಾಚೆ ದಿಗಂತದವರೆಗೂ ದೀಪ ಕಂಡಾಗ ಅದು ಮಾತ್ರ ಸುಂಟಿಕೊಪ್ಪದಲ್ಲಿ ಸಿಗದ ನೋಟ. ಮೂರು ಕಡೆಯ ದರ ಕೇಳಿ, ನಿಮ್ಮ ದಿನಗಳಿಗೆ ಎಲ್ಲಿ ಒದಗುತ್ತದೋ ನೋಡಿ. ಬಜೆಟ್ ಮೀರಿದರೆ ಅದೇ ಪ್ರದೇಶದ ಇನ್ನೊಂದು ಹೋಟೆಲಿನ ಒಳ್ಳೆಯ ರೂಮು ತೆಗೆದುಕೊಳ್ಳಿ. ದೊಡ್ಡ ಹೆಸರಿನ ಹೋಟೆಲಿನ ಕೊನೆಯ ದರ್ಜೆಯ ರೂಮಿಗಿಂತ ಅದೇ ಮೇಲು.

ಜನ ಎಡವುವುದೆಲ್ಲ ರೂಮು ಗೊತ್ತುಮಾಡುವಲ್ಲೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೀವು ಬುಕ್ ಮಾಡುವುದು ಒಂದು ದರ್ಜೆಯನ್ನು. ಆ ದರ್ಜೆಯ ಯಾವ ರೂಮು ನಿಮಗೆ ಅನ್ನುವುದು ಸಾಮಾನ್ಯವಾಗಿ ನೀವು ಬರುವ ದಿನ ಬೆಳಿಗ್ಗೆಯೋ ಅದರ ಹಿಂದಿನ ರಾತ್ರಿಯೋ ತೀರ್ಮಾನವಾಗುತ್ತದೆ. ಆಗ ಹಂಚುವವರ ಕಣ್ಣ ಮುಂದೆ ನಿಮ್ಮ ಬೇಡಿಕೆ ಇರಬೇಕು. ಹತ್ತು ದಿನ ಮುಂಚೆ ಒಂದು ಇಮೇಲ್, ಹಿಂದಿನ ದಿನ ಮಧ್ಯಾಹ್ನ ಒಂದು ಫೋನು, ಇವೆರಡೂ ಆಗಬೇಕು. ಇಮೇಲಿನಲ್ಲಿ ಇಷ್ಟು ಬರೆಯಿರಿ: ಮದುವೆಯ ದಿನಾಂಕ, ಇದು ಹನಿಮೂನು, ಒಂದೇ ದೊಡ್ಡ ಹಾಸಿಗೆ ಬೇಕು, ಮೇಲಿನ ಮಹಡಿ, ಲಿಫ್ಟಿನಿಂದ ಮತ್ತು ಕೆಲಸದವರ ಲಿಫ್ಟಿನಿಂದ ದೂರ, ಪಕ್ಕದ ರೂಮಿಗೆ ಒಳಬಾಗಿಲು ಇರಬಾರದು.

ಹಾಸಿಗೆಯ ಮಾತನ್ನು ಹಗುರವಾಗಿ ಬಿಡಬೇಡಿ. ಕಂಪನಿ ಗಿರಾಕಿಗಳಿಗಾಗಿ ಎಷ್ಟೋ ರೂಮುಗಳಲ್ಲಿ ಎರಡು ಬೇರೆ ಬೇರೆ ಮಂಚಗಳಿರುತ್ತವೆ. ದೊಡ್ಡ ಹಾಸಿಗೆ ಖಾಲಿಯಿಲ್ಲದಾಗ ಎರಡನ್ನೂ ಜೋಡಿಸಿ ಮೇಲೊಂದು ಚಾದರ ಹಾಸಿ ಕೊಡುತ್ತಾರೆ. ನಡುವಿನ ಬಿರುಕು ರಾತ್ರಿಯಿಡೀ ಗೊತ್ತಾಗುತ್ತದೆ. ರೂಮಿಗೆ ಹೋದ ತಕ್ಷಣ ಹಾಸಿಗೆಯ ನಡುವೆ ಅಂಗೈ ಒತ್ತಿ ನೋಡಿ. ಗೀರು ಸಿಕ್ಕರೆ ಬ್ಯಾಗು ಬಿಚ್ಚುವ ಮೊದಲೇ ಕೆಳಗೆ ಫೋನು ಮಾಡಿ. ಬಿಚ್ಚಿ ಹರಡಿದ ಮೇಲೆ ರೂಮು ಬದಲಿಸುವುದು ಅವರಿಗೂ ಕಷ್ಟ, ನಿಮಗೂ ಕಷ್ಟ.

ಒಳಬಾಗಿಲಿನ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಕುಟುಂಬದವರಿಗೆ ಅನುಕೂಲವಾಗಲಿ ಎಂದು ಕೆಲವು ರೂಮುಗಳ ನಡುವೆ ಬಾಗಿಲು ಇಟ್ಟಿರುತ್ತಾರೆ, ಇಂಟರ್‌ಕನೆಕ್ಟಿಂಗ್ ಅನ್ನುವುದು ಅದಕ್ಕೇ. ಬೀಗ ಹಾಕಿದ್ದರೂ ಗೋಡೆ ತಡೆದಷ್ಟು ಸದ್ದನ್ನು ಬಾಗಿಲು ತಡೆಯುವುದಿಲ್ಲ. ಪಕ್ಕದವರ ಟಿವಿ, ಮಾತು, ಮಗುವಿನ ಅಳು ಎಲ್ಲ ನಿಮ್ಮ ಕಡೆಗೆ ಬರುತ್ತದೆ, ನಿಮ್ಮದು ಅವರ ಕಡೆಗೆ ಹೋಗುತ್ತದೆ. ಹೊಸದಾಗಿ ಮದುವೆಯಾದವರಿಗೆ ಇದಕ್ಕಿಂತ ಮುಜುಗರ ಬೇರೆ ಬೇಕಿಲ್ಲ.

ಇನ್ನೊಂದು, ಬಚ್ಚಲುಮನೆಯ ಗೋಡೆ. ಈಚಿನ ಹೋಟೆಲುಗಳಲ್ಲಿ ಮಲಗುವ ಕಡೆಗೂ ಸ್ನಾನದ ಕಡೆಗೂ ನಡುವೆ ಬರೀ ಗಾಜು ಇರುವುದುಂಟು. ಅದಕ್ಕೊಂದು ಪರದೆ ಇದ್ದೇ ಇರುತ್ತದೆ, ಗುಂಡಿ ಬಚ್ಚಲಿನೊಳಗೋ ಹಾಸಿಗೆಯ ಪಕ್ಕದಲ್ಲೋ ಇರುತ್ತದೆ. ರೂಮು ತೋರಿಸಲು ಬಂದವರ ಹತ್ತಿರ "ಆ ಪರದೆ ಹೇಗೆ ಇಳಿಸುವುದು?" ಎಂದು ನೀವೇ ಕೇಳಿಬಿಡಿ, ಆಕೆ ಕೇಳಬೇಕಾದ ಪ್ರಸಂಗ ತರಬೇಡಿ.

ಎಸಿಯನ್ನು 24ಕ್ಕೆ ಇಟ್ಟು ಫ್ಯಾನಿನ ವೇಗ ಕಡಿಮೆ ಮಾಡಿ. ಎತ್ತರದ ಹೋಟೆಲುಗಳ ಕಿಟಕಿ ತೆರೆಯುವುದಿಲ್ಲ. ರಾತ್ರಿ ಕಿಟಕಿ ತೆರೆದಿಟ್ಟು ಮಲಗಿ ರೂಢಿಯಿರುವ ಕೊಡಗಿನವರಿಗೆ ಮೊದಲ ರಾತ್ರಿ ಗಂಟಲು ಒಣಗುತ್ತದೆ. ಹಾಸಿಗೆ ಪಕ್ಕ ನೀರಿಟ್ಟುಕೊಳ್ಳಿ. ರೂಮಿನಲ್ಲಿ ದಿನಕ್ಕೆ ಎರಡು ಬಾಟಲಿ ನೀರು ಸಾಮಾನ್ಯವಾಗಿ ಪುಕ್ಕಟೆ, ಮಿನಿಬಾರಿನೊಳಗಿನದ್ದಕ್ಕೆ ದುಡ್ಡು. ಎರಡನ್ನೂ ಕೇಳಿ ಖಚಿತ ಮಾಡಿಕೊಳ್ಳಿ.

ಬುಕಿಂಗ್ ದರಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು 'ವಾಪಸಾತಿ ಇಲ್ಲ' ಅನ್ನುವ ದರ. ಮದುವೆಗೆ ಹೊಂದಿಕೊಂಡ ಪ್ರಯಾಣಕ್ಕೆ ಅದನ್ನು ಮುಟ್ಟಲೇಬೇಡಿ. ಮನೆತನದಲ್ಲಿ ಒಂದು ಸಾವಾಗಿ ಸೂತಕ ಬಂದರೆ ಮುಹೂರ್ತವೇ ಮುಂದೆ ಹೋಗುತ್ತದೆ, ಹೋಟೆಲಿನವರಿಗೆ ಅದು ಕಾರಣವೇ ಅಲ್ಲ. ಒಂದೆರಡು ದಿನ ಮುಂಚಿನವರೆಗೆ ರದ್ದು ಮಾಡಬಹುದಾದ ದರವನ್ನೇ, ಹೋಟೆಲಿನ ಮೂಲಕವೇ ತೆಗೆದುಕೊಳ್ಳಿ. ಬೇರೆ ಆ್ಯಪಿನಲ್ಲಿ ಕಡಿಮೆ ಕಂಡರೆ ಅದನ್ನು ತೋರಿಸಿ, ಅದೇ ದರ ಕೊಡುತ್ತೀರಾ ಎಂದು ಕೇಳಿ. ನೇರ ಬುಕಿಂಗಿನವರ ಬೇಡಿಕೆಗೆ ಹೋಟೆಲಿನಲ್ಲಿ ಮೊದಲ ಮನ್ನಣೆ.

ಗುರುತಿನ ಚೀಟಿ ಇಬ್ಬರದೂ ಬೇಕು. ಆಧಾರಿನಲ್ಲಿ ಆಕೆಯ ಹೆಸರು, ವಿಳಾಸ ತವರಿನದೇ ಇದ್ದರೂ ತೊಂದರೆಯಿಲ್ಲ. ಚೆಕ್-ಇನ್ ಹೊತ್ತಿಗೆ ಠೇವಣಿ ಕೇಳುತ್ತಾರೆ. ಕ್ರೆಡಿಟ್ ಕಾರ್ಡಾದರೆ ಆ ಮೊತ್ತವನ್ನು ತಡೆಹಿಡಿಯುತ್ತಾರೆ ಅಷ್ಟೆ, ಡೆಬಿಟ್ ಕಾರ್ಡಾದರೆ ಖಾತೆಯಿಂದ ಹೋಗಿಬಿಟ್ಟು ವಾಪಸು ಬರಲು ಕೆಲವು ದಿನ ಹಿಡಿಯುತ್ತದೆ. ಮದುವೆ ಖರ್ಚು ಮುಗಿದ ಖಾತೆಯಲ್ಲಿ ಹತ್ತು ಸಾವಿರ ಸಿಕ್ಕಿಕೊಂಡರೆ ಮೈಸೂರಿನಲ್ಲಿ ಪರದಾಡುತ್ತೀರಿ.

'ಹನಿಮೂನ್ ಪ್ಯಾಕೇಜ್' ಎಂದು ಹಾಸಿಗೆ ಮೇಲೆ ಹೂವು, ಒಂದು ಕೇಕು, ಈಜುಕೊಳದ ಪಕ್ಕ ಮೇಣದ ಬತ್ತಿಯ ಊಟ ಸೇರಿಸಿ ಮಾರುತ್ತಾರೆ. ಹೂವು-ಕೇಕನ್ನು ಒಳ್ಳೆಯ ಹೋಟೆಲುಗಳು ಮುಂಚೆ ತಿಳಿಸಿದರೆ ಸಾಮಾನ್ಯವಾಗಿ ಸುಮ್ಮನೇ ಕೊಡುತ್ತವೆ. ಈಜುಕೊಳದ ಊಟ ಹೆಚ್ಚಾಗಿ ಅವರೇ ಗೊತ್ತುಮಾಡಿದ ಐದಾರು ಬಗೆ, ನಿಮ್ಮಾಕೆಗೆ ಒಗ್ಗದಿದ್ದರೆ ಬದಲಿಸಲು ಬರುವುದಿಲ್ಲ. ಆ ದುಡ್ಡನ್ನು ಒಳ್ಳೆಯ ರೆಸ್ಟೋರೆಂಟಿಗೆ ಇಡಿ.

ಊಟಕ್ಕೆ ಬರೋಣ. ಎರಡು ರಾತ್ರಿಗೆ ಎರಡು ದೊಡ್ಡ ಊಟ ಸಾಕು. ಶುಕ್ರವಾರ ದಣಿದಿರುತ್ತೀರಿ, ಅಂದು ನೀವಿರುವ ಹೋಟೆಲಿನಲ್ಲೇ ಮುಗಿಸಿ. ಶನಿವಾರ ಹೊರಗೆ ಹೋಗಿ. ವೆಸ್ಟ್ ಎಂಡಿನ ಬ್ಲೂ ಜಿಂಜರ್ ವಿಯೆಟ್ನಾಂ ಅಡುಗೆಯದು, ಮರಗಳ ನಡುವೆ ತೆರೆದ ಜಾಗದಲ್ಲಿ ಕೂರಬಹುದು. ಒಬೆರಾಯ್‌ನ ರಿಮ್ ನಾಮ್ ಥಾಯ್ ಊಟಕ್ಕೆ ಹೆಸರಾದದ್ದು. ರೆಸಿಡೆನ್ಸಿ ರಸ್ತೆಯ ಕರಾವಳಿಯಲ್ಲಿ ಪಶ್ಚಿಮ ಕರಾವಳಿಯ ಮೀನು-ಸಿಗಡಿಯ ಅಡುಗೆ ಗೋವಾದಿಂದ ಕೇರಳದವರೆಗೆ ಸಿಗುತ್ತದೆ. ಎಲ್ಲಿಗೆ ಹೋದರೂ ಪಂದಿ ಕರಿ ಹುಡುಕಬೇಡಿ. ಮನೆಯ ಕಾಚಂಪುಳಿ (ಹಣ್ಣಿನ ರಸ ಬತ್ತಿಸಿದ ಕೊಡಗಿನ ಕಪ್ಪು ಹುಳಿ) ಬಿದ್ದ ಕರಿ ತಿಂದ ನಾಲಿಗೆಗೆ ಅಲ್ಲಿನದು ರುಚಿಸುವುದಿಲ್ಲ, ಮನೆಯಲ್ಲಿ ಸಿಗದ್ದನ್ನೇ ತಿನ್ನಿ.

ಪಕ್ಕಾ ಸಸ್ಯಾಹಾರಿಯನ್ನು ಕರೆದುಕೊಂಡು ಹೋಗುವಾಗ ಒಂದು ಎಚ್ಚರ ಬೇಕು. ಥಾಯ್ ಮತ್ತು ವಿಯೆಟ್ನಾಂ ಅಡುಗೆಯಲ್ಲಿ ಉಪ್ಪಿನ ಜಾಗದಲ್ಲಿ ಮೀನಿನ ಸಾಸು ಬಳಸುತ್ತಾರೆ. ಥಾಯ್ ಕರಿಯ ಮಸಾಲೆಯನ್ನು ಸಿಗಡಿ ಪೇಸ್ಟ್ ಹಾಕಿ ಮುಂಚೆಯೇ ಅರೆದಿಟ್ಟಿರುತ್ತಾರೆ. ಒಣಸಿಗಡಿ ಹಾಕಿ ರುಬ್ಬಿದ ಚಟ್ನಿಯಿಂದ ಸಿಗಡಿ ಹೆಕ್ಕಲು ಬರುತ್ತದೆಯೇ? ಹಾಗೆಯೇ ಇದು. ಮೇಜಿಗೆ ಕೂತ ಮೇಲೆ "ವೆಜ್ ಮಾಡಿ ಕೊಡಿ" ಅಂದರೆ ಮಾಂಸದ ತುಂಡು ಬಿಟ್ಟು ತರಕಾರಿ ಹಾಕಿ ತರಬಹುದು, ಮಸಾಲೆ ಅದೇ ಇರುತ್ತದೆ. ಟೇಬಲ್ ಕಾದಿರಿಸುವಾಗಲೇ ಹೇಳಿ: ಒಬ್ಬರು ಸಸ್ಯಾಹಾರಿ, ಮೀನಿನ ಸಾಸು, ಸಿಗಡಿ ಪೇಸ್ಟ್, ಆಯ್ಸ್ಟರ್ ಸಾಸು ಬೇಡ, ಮಸಾಲೆ ಬೇರೆಯೇ ಅರೆದಿರಬೇಕು. ಒಳ್ಳೆಯ ಅಡುಗೆಮನೆಗೆ ಇದು ಹೊಸದಲ್ಲ. ಸೂಪಿನ ನೀರು ಕೋಳಿಮೂಳೆಯದೋ ತರಕಾರಿಯದೋ ಕೇಳಿ. ಸಿಹಿಯಲ್ಲಿ ಮೂಸ್, ಪನ್ನಕೋಟ, ಜೆಲ್ಲಿ ಇದ್ದರೆ ಪ್ರಾಣಿಮೂಲದ ಜೆಲಟಿನ್ ಇರಬಹುದು. ಪರ್ಮಿಸಾನ್ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಮೊಟ್ಟೆಯನ್ನೂ ಮುಟ್ಟದವರಿಗೆ ಅದು ಗೊತ್ತಿರಬೇಕು. ತಿಂದಾದ ಮೇಲೆ ಗೊತ್ತಾದರೆ ಆಕೆಗೆ ಆ ಸಂಜೆಯೇ ಹೋಯಿತು.

ಟೇಬಲ್ 8 ಗಂಟೆಗೆ ಕೇಳಿ. 9ರ ಹೊತ್ತಿಗೆ ಅಡುಗೆಮನೆಯ ಮೇಲೆ ಒತ್ತಡ ಹೆಚ್ಚು, ತಟ್ಟೆಗಳ ನಡುವೆ ಕಾಯುವುದೂ ಹೆಚ್ಚು. ಶನಿವಾರಕ್ಕೆ ನಾಲ್ಕೈದು ದಿನ ಮುಂಚೆ ಹೇಳಿ, ಅಂದು ಮಧ್ಯಾಹ್ನ ಮತ್ತೊಮ್ಮೆ ಖಚಿತಪಡಿಸಿ. "ಅಡುಗೆಮನೆ ಬಾಗಿಲಿನ ಹತ್ತಿರ ಬೇಡ, ಎಸಿ ಗಾಳಿಯ ಕೆಳಗೆ ಬೇಡ, ಮೂಲೆಯದಾದರೆ ಒಳ್ಳೆಯದು" ಎಂದು ಸೇರಿಸಿ. ಚಪ್ಪಲಿ, ಚಡ್ಡಿಯಲ್ಲಿ ಗಂಡಸರನ್ನು ಒಳಗೆ ಬಿಡದ ಕಡೆಗಳಿವೆ, ಒಂದು ಜೊತೆ ಶೂ ಮತ್ತು ಪ್ಯಾಂಟು ಇಟ್ಟುಕೊಂಡಿರಿ.

ಮೆನುವಿನ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಈ ದರ್ಜೆಯ ಹೋಟೆಲಿನೊಳಗಿನ ರೆಸ್ಟೋರೆಂಟಿನಲ್ಲಿ ಶೇ. 18, ಬೀದಿಯ ಸಾಮಾನ್ಯ ಹೋಟೆಲಿನಲ್ಲಿ ಶೇ. 5. ಅಂದರೆ 5,000ದ ಊಟ 5,900 ಆಗುತ್ತದೆ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ರಾಜ್ಯದ ತೆರಿಗೆ ಬೇರೆ. ಸರ್ವಿಸ್ ಚಾರ್ಜ್ ಎಂದು ಪ್ರತ್ಯೇಕ ಸಾಲು ಕಂಡರೆ ಅದು ಕಡ್ಡಾಯವಲ್ಲ. ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತ್ತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಎಂದು ಮೆಲ್ಲಗೆ ಹೇಳಿ, ಬಡಿಸಿದವರು ಚೆನ್ನಾಗಿ ನೋಡಿಕೊಂಡಿದ್ದರೆ ಅವರ ಕೈಗೇ ಕೊಡಿ.

ಬೆಳಗಿನ ತಿಂಡಿ ಸೇರಿದ ದರವನ್ನೇ ತೆಗೆದುಕೊಳ್ಳಿ, ಬಿಡಿಯಾಗಿ ದುಬಾರಿ. ಅಲ್ಲಿ ಮೇಜಿಗೆ ತಾನಾಗಿ ತರುವ ಹೂಜಿಯ ಕಾಫಿ ಬೇಡ, ಫಿಲ್ಟರ್ ಕಾಫಿ ಎಂದು ಕೇಳಿ ತರಿಸಿ. ಮನೆಯ ಬೆಲ್ಲದ ಕಾಫಿ ಕುಡಿದವರಿಗೆ ಅದೂ ಸಪ್ಪೆಯೇ, ಆದರೂ ವಾಸಿ. ಶನಿವಾರ ಬೆಳಿಗ್ಗೆ ಬೇಗ ಎದ್ದರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೋ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೋ ಹೋಗಿ ಒಂದೊಂದು ದೋಸೆ ತಿಂದು ಬನ್ನಿ, ಹೋಟೆಲಿನ ತಿಂಡಿ 10 ಗಂಟೆಯವರೆಗಾದರೂ ಇರುತ್ತದೆ. ಎಂಟಿಆರ್ 1924ರದ್ದು, ವಿದ್ಯಾರ್ಥಿ ಭವನ 1943ರದ್ದು. ಮೊದಲನೆಯದಕ್ಕೆ ಸೋಮವಾರ ರಜೆ, ಎರಡನೆಯದಕ್ಕೆ ಶುಕ್ರವಾರ. 7 ಗಂಟೆಗೇ ಹೋಗಿ, 8ರ ಮೇಲೆ ಸಾಲು ಬೀದಿಗೆ ಬರುತ್ತದೆ.

ಶುಕ್ರವಾರ ಬೆಳಿಗ್ಗೆ 8ಕ್ಕೆ ಮನೆ ಬಿಡಿ. ಇಲವಾಲದಲ್ಲಿ ಕೆಆರ್‌ಎಸ್ ಕಡೆ ತಿರುಗಿ ಶ್ರೀರಂಗಪಟ್ಟಣದಲ್ಲಿ ಬೆಂಗಳೂರು ರಸ್ತೆ ಸೇರಿದರೆ ಮೈಸೂರಿನ ಒಳಗೆ ಹೋಗಬೇಕಾಗಿಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ವೇಗದ ಮಿತಿ 100, ಕ್ಯಾಮೆರಾಗಳಿವೆ. ಮಧ್ಯಾಹ್ನ 2-3ರ ನಡುವೆ ಚೆಕ್-ಇನ್ ಹೊತ್ತಿಗೆ ತಲುಪುತ್ತೀರಿ. ಅದಕ್ಕೂ ಮುಂಚೆ ಹೋದರೆ ಗುರುವಾರದ ಗಿರಾಕಿಗಳು ಖಾಲಿ ಮಾಡಿದ ರೂಮುಗಳು ಇನ್ನೂ ಸ್ವಚ್ಛವಾಗುತ್ತಿರುತ್ತವೆ, ಸಿದ್ಧವಿರುವ ಯಾವುದೋ ರೂಮು ಕೊಟ್ಟುಬಿಡುತ್ತಾರೆ, ನೀವು ಕೇಳಿದ್ದು ತಪ್ಪುತ್ತದೆ. ಒಮ್ಮೆ ಕಾರು ನಿಲ್ಲಿಸಿದ ಮೇಲೆ ಭಾನುವಾರದವರೆಗೆ ತೆಗೆಯಬೇಡಿ, ಊರೊಳಗೆ ಟ್ಯಾಕ್ಸಿ ಮತ್ತು ಮೆಟ್ರೊ ಸಾಕು.

ಭಾನುವಾರ ತಡವಾಗಿ ಖಾಲಿ ಮಾಡಲು ಅನುಮತಿ ಬೇಕಿದ್ದರೆ ಶನಿವಾರ ರಾತ್ರಿಯೇ ಕೇಳಿ. ವಾರಾಂತ್ಯದಲ್ಲಿ ಒಂದೆರಡು ಗಂಟೆ ಸಾಮಾನ್ಯವಾಗಿ ಕೊಡುತ್ತಾರೆ. ಮಧ್ಯಾಹ್ನ 2ರೊಳಗೆ ಹೊರಟರೆ 5ಕ್ಕೆಲ್ಲ ಮೈಸೂರು. ಮೈಸೂರಿನಲ್ಲಿ ಹಳೆಯ ಪರಂಪರೆ ಕಟ್ಟಡದ ಹೋಟೆಲು ಆರಿಸಿದರೆ ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ಎಸಿ ಸದ್ದು ಮಾಡುತ್ತದೆಯೇ ಎಂದು ರೂಮಿನಲ್ಲೇ ಪರೀಕ್ಷಿಸಿ ಒಪ್ಪಿಕೊಳ್ಳಿ, ಎತ್ತರದ ಸೂರಿಗೆ ಮರುಳಾಗಬೇಡಿ. ಸ್ನಾನ ಮುಗಿಸಿ 6.30ಕ್ಕೆ ಅರಮನೆಯ ಕಡೆ ನಡೆಯಿರಿ. ಭಾನುವಾರ ಸಂಜೆ 7ರ ಹೊತ್ತಿಗೆ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹತ್ತಿಕೊಳ್ಳುತ್ತವೆ. ಹತ್ತುವ ಆ ಕ್ಷಣವನ್ನೇ ನೋಡಬೇಕು, ಆದ್ದರಿಂದ ಐದು ನಿಮಿಷ ಮುಂಚೆ ಅರಮನೆಗೆ ಮುಖ ಮಾಡಿ ನಿಂತಿರಿ.

ಸೋಮವಾರ ಬೆಳಿಗ್ಗೆ ನಜರ್‌ಬಾದಿನ ವಿನಾಯಕ ಮೈಲಾರಿಯಲ್ಲಿ ಬೆಣ್ಣೆ ಹಾಕಿದ ಮೆತ್ತನೆ ದೋಸೆ ಇಬ್ಬರಿಗೂ ಆಗುತ್ತದೆ. ನಿಮಗೊಬ್ಬರಿಗೆ ಬೇಕೆನಿಸಿದರೆ ಹನುಮಂತು ಹೋಟೆಲಿನಲ್ಲಿ ಪಲಾವ್ ಕಟ್ಟಿಸಿಕೊಳ್ಳಿ. 10ಕ್ಕೆ ಹೊರಟರೆ ಹುಣಸೂರು, ಪಿರಿಯಾಪಟ್ಟಣ ದಾಟಿ, ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆ ಶುರುವಾಗುವ ಮೊದಲೇ ಕುಶಾಲನಗರದ ಸೇತುವೆಯ ಈಚೆಗೆ ಬಂದಿರುತ್ತೀರಿ.